ತುರ್ತು ಖರೀದಿ ಪೋರ್ಟಲ್: ಲಿನನ್ ಅಂದರೆ ಬೆಡ್‌ಶೀಟ್ ಅಂತ ನಮಗೆ ಯಾರು ಹೇಳಬೇಕಿತ್ತು?

ಮೊದಲೇ ಹೇಳಿಬಿಡುತ್ತೇನೆ. 5ಕ್ಕೆ 2 ಸ್ಟಾರ್. ಅದರಲ್ಲೂ ಒಂದು ಸ್ಟಾರ್ ಸಹಾಯವಾಣಿಯಲ್ಲಿ ಕೂತಿದ್ದ ಒಬ್ಬ ಹುಡುಗಿಗೆ ಹೋಗಬೇಕು. ಅವಳ ವಿಷಯ ಮುಂದೆ ಬರುತ್ತದೆ.

ನಮ್ಮೂರು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ಮನೆಯವರು ಎಂಟು ಪವರ್‌ಲೂಮ್ ನಡೆಸುತ್ತಾರೆ. ಹಿಂದಿನ ಪಡಸಾಲೆಯಲ್ಲಿ ನಾನು 14 ಹೊಲಿಗೆ ಮಷೀನ್ ಹಾಕಿಕೊಂಡಿದ್ದೇನೆ. ಶಾಲೆಯ ಯೂನಿಫಾರ್ಮ್, ಪೆಟಿಕೋಟ್, ದಿಂಬಿನ ಕವರ್, ಬೆಡ್‌ಶೀಟ್, ಯಾರು ಏನು ಕೇಳಿದರೂ ಹೊಲಿದು ಕೊಡುತ್ತೇವೆ. ಕೊರೊನಾ ಹೊತ್ತಿನಲ್ಲಿ ಆಸ್ಪತ್ರೆಗೆ, ಕೋವಿಡ್ ಕೇರ್ ಸೆಂಟರ್‌ಗೆ ಬೇಕಾದ ಸಾಮಾನು ಇರುವವರು ಇಲ್ಲಿ ನೋಂದಣಿ ಮಾಡಿಕೊಳ್ಳಿ ಅಂತ ಒಂದು ಸರ್ಕಾರಿ ಪೋರ್ಟಲ್ ಶುರುವಾಗಿತ್ತು. ಅದರ ಹೆಸರು ಬರೆಯುವುದಿಲ್ಲ, ನಾಳೆ ಮತ್ತೆ ಅವರ ಬಾಗಿಲಿಗೇ ಹೋಗಬೇಕಲ್ವಾ. ಆಗಲೇ ಅದರ ಸಹವಾಸ ಸಾಕು ಅನಿಸಿತ್ತು. ಹೋದ ತಿಂಗಳು "ಹೊಸ ಆವೃತ್ತಿ ಬಂದಿದೆ, ಮರು ನೋಂದಣಿ ಮಾಡಿ" ಅಂತ ಮೆಸೇಜ್ ಬಂತು. ಬೈದುಕೊಳ್ಳುತ್ತಲೇ ಮಾಡಿದೆ. ಹಳೆಯದು, ಹೊಸದು ಎರಡನ್ನೂ ನೋಡಿದ ಮೇಲೆ ಬರೆಯುತ್ತಿದ್ದೇನೆ. ಗುಳೇದಗುಡ್ಡ, ಇಳಕಲ್, ತೇರದಾಳ ಕಡೆಯ ನಮ್ಮಂಥ ಸಣ್ಣ ಮಂದಿ ಇನ್ನೂ ಕೇಳುತ್ತಾರೆ, "ಅಕ್ಕಾರ, ಅದರಾಗ ಹೆಸರು ಹಚ್ಚಿದ್ರ ಏನರ ಉಪಯೋಗ ಐತೇನ್ರೀ?" ಅಂತ. ಅವರಿಗೆ ಇದು.

ಪೋರ್ಟಲ್ ವಿಷಯಕ್ಕೆ ಬರುವ ಮೊದಲು 2020ರದ್ದು ಸ್ವಲ್ಪ ಹೇಳಬೇಕು, ಇಲ್ಲಾಂದ್ರೆ ನಾನು ಸುಮ್ನೆ ಸರ್ಕಾರ ಬೈಯೋಕೆ ಕೂತಿದ್ದೀನಿ ಅನಿಸುತ್ತದೆ.

ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ಮಗ್ಗದ ಸಪ್ಪಳ ನಿಂತ ಬನಹಟ್ಟಿಯನ್ನು ನಾನು ಅದೇ ಮೊದಲ ಸಲ ನೋಡಿದ್ದು. ಅದಕ್ಕೂ ಮುಂಚೆಯೇ, ಮಾರ್ಚ್ 13ಕ್ಕೆ, ಕೇಂದ್ರ ಸರ್ಕಾರ ಮಾಸ್ಕ್ ಮತ್ತು ಸ್ಯಾನಿಟೈಸರನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತ್ತು. ಮಾರ್ಚ್ 21ಕ್ಕೆ ದರವನ್ನೂ ಕಟ್ಟಿತು, ಎರಡು ಪದರದ ಮಾಸ್ಕ್ 8 ರೂಪಾಯಿ, ಮೂರು ಪದರದ್ದು 10 ರೂಪಾಯಿ, 200 ಎಂಎಲ್ ಸ್ಯಾನಿಟೈಸರ್ 100 ರೂಪಾಯಿ ಮೀರಬಾರದು ಅಂತ. ಸರಿ, ಯೂನಿಫಾರ್ಮ್‌ಗೆ ತಂದಿಟ್ಟ ಬಟ್ಟೆಯಲ್ಲಿ ನಾವು ಮಾಸ್ಕ್ ಹೊಲಿದೆವು. ಆಮೇಲೆ ಎಲ್ಲರ ಬಾಯಲ್ಲೂ ಪಿಪಿಇ ಕಿಟ್. ಮನೆಯವರು "ಹೊಲಿಗಿ ತಾನ, ನಾವೂ ಮಾಡೂಣು" ಅಂದರು. ನಾನು ಕೂತು ಓದಿದೆ. ಮೈತುಂಬಾ ಹಾಕುವ ಆ ಕವರಾಲ್‌ಗೆ ಬರೀ ಹೊಲಿಗೆ ಸಾಲದು. ಸೂಜಿ ಚುಚ್ಚಿದ ಪ್ರತಿ ತೂತಿನಿಂದಲೂ ರಕ್ತ, ಕಫ ಒಳಗೆ ಇಳಿಯಬಹುದು. ಅದಕ್ಕೆ ಹೊಲಿಗೆ ಮೇಲೆ ಬಿಸಿ ಗಾಳಿಯಲ್ಲಿ ಟೇಪ್ ಅಂಟಿಸಬೇಕು, ಆ ಮಷೀನೇ ಬೇರೆ. ನಮ್ಮ 14 ಮಷೀನ್ ಮಾರಿದರೂ ಅದೊಂದು ಬರುವುದಿಲ್ಲ. ಸ್ಯಾಂಪಲ್ಲನ್ನು ಕೊಯಮತ್ತೂರಿನ ಜವಳಿ ಸಂಶೋಧನಾ ಸಂಸ್ಥೆ ಸಿಟ್ರಾಕ್ಕೋ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಲ್ಯಾಬಿಗೋ ಕಳಿಸಬೇಕು, ಕೃತಕ ರಕ್ತ ಹಾಕಿ ಒತ್ತಿ ನೋಡುತ್ತಾರೆ, ಪಾಸಾದರೆ ಒಂದು ಕೋಡ್ ನಂಬರ್ ಕೊಡುತ್ತಾರೆ, ಫೇಲಾದರೆ ಮುಗಿಯಿತು. ನಾಲ್ಕು ದಿನದಲ್ಲಿ ನಾನು ಆ ಆಸೆ ಬಿಟ್ಟೆ.

ಬಿಟ್ಟಿದ್ದಕ್ಕೆ ಬೇಜಾರಿಲ್ಲ. ಏನು ಬೇಕು, ಯಾಕೆ ಬೇಕು, ಎಲ್ಲಿ ಪರೀಕ್ಷೆ ಅನ್ನುವುದು ಬರೆದಿತ್ತು. ನನ್ನ ಕೈಲಿ ಆಗಲ್ಲ ಅಂತ ನನಗೇ ತಿಳಿಯಿತು. ಅದೇ ಸ್ಪಷ್ಟತೆ ಇದ್ದಿದ್ದಕ್ಕೇ ಇರಬೇಕು, 2020ರ ಶುರುವಿನಲ್ಲಿ ಇಂಥ ಕವರಾಲ್ ಹೆಚ್ಚುಕಡಿಮೆ ಮಾಡುತ್ತಲೇ ಇರದಿದ್ದ ದೇಶ ಮೇ ತಿಂಗಳಿಗೆ ದಿನಕ್ಕೆ 4 ಲಕ್ಷಕ್ಕೂ ಜಾಸ್ತಿ ಮಾಡುವ ಮಟ್ಟಕ್ಕೆ ಬಂತು. ಬಟ್ಟೆಯವರು, ಬ್ಯಾಗ್ ಹೊಲಿಯುವವರು, ರೇನ್‌ಕೋಟಿನವರು ಎಲ್ಲಾ ಇಳಿದರು. ಶುರುವಿನಲ್ಲಿ ಕಳಪೆ ಮಾಲೂ ಬಂತು, ಅದು ಬೇರೆ ಮಾತು.

ಈಗ ನಮ್ಮ ಪೋರ್ಟಲ್. ಇದು 2021ರ ಮೇ, ಎರಡನೇ ಅಲೆ. ಏಪ್ರಿಲ್ 27ರ ರಾತ್ರಿಯಿಂದ ಕರ್ಫ್ಯೂ. ಅಂಗಡಿ ಬೆಳಿಗ್ಗೆ 6ರಿಂದ 10ರ ತನಕ, ಅದೂ ದಿನಸಿ, ತರಕಾರಿ ಮಾತ್ರ. ಹಳ್ಳಿಯ ಸೋಂಕಿತರನ್ನು ಮನೆಯಲ್ಲಿ ಬಿಡದೆ ಕೇರ್ ಸೆಂಟರ್‌ಗೆ ತರಬೇಕು ಅಂತಾಯಿತು. ಹಾಸ್ಟೆಲ್, ವಸತಿ ಶಾಲೆ, ಕಲ್ಯಾಣ ಮಂಟಪ ಎಲ್ಲಾ ಕೇರ್ ಸೆಂಟರ್ ಆದವು. ಟಿವಿಯಲ್ಲಿ ನೋಡಿದರೆ ಬರೀ ಆಕ್ಸಿಜನ್, ರೆಮ್ಡಿಸಿವಿರ್. ಅದು ಸಹಜವೇ, ಜೀವ ಹೋಗುತ್ತಿತ್ತು. ಆದರೆ ಐವತ್ತು ಮಂಚ ಹಾಕಿದ ಮೇಲೆ ಐವತ್ತು ಬೆಡ್‌ಶೀಟ್ ಸಾಲುವುದಿಲ್ಲ. ಒಬ್ಬರು ಎದ್ದು ಹೋದರೆ ಬದಲಿಸಬೇಕು, ಒಗೆಯೋಕೆ ಹಾಕಬೇಕು, ಒಗೆಯುವವರೂ ಹೆದರಿ ಬರುತ್ತಿರಲಿಲ್ಲ. ಮಂಚಕ್ಕೆ ಮೂರು ಜೊತೆಯಾದರೂ ಬೇಕು. ನಮ್ಮ ಹತ್ತಿರ ಹೊಲಿದು ಮಡಚಿಟ್ಟ 640 ಬೆಡ್‌ಶೀಟ್ ಇದ್ದವು. ಕಾಟನ್, 60ಕ್ಕೆ 90 ಇಂಚು, ನಾಲ್ಕೂ ಕಡೆ ಅಂಚು ಹೊಲಿದದ್ದು. ಮದುವೆ ಸೀಸನ್‌ಗೆ ಅಂತ ಮಾಡಿದ್ದು, ಮದುವೆಗಳೇ ಇರಲಿಲ್ಲ.

ಬಸ್ ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಸೆಂಟರಿನ ಹುಡುಗನಿಗೆ ಫೋನ್ ಮಾಡಿದೆ. "ಅಕ್ಕಾರ, ಮುಂಜಾನೆ ಆರಕ್ಕ ಬರ್ರಿ, ಶೆಟರ್ ಅರ್ಧಾ ತೆಗಿತೀನಿ" ಅಂದ. ಬಗ್ಗಿ ಒಳಗೆ ಹೋದೆ. ಇಬ್ಬರೂ ಮಾಸ್ಕ್ ಹಾಕಿಕೊಂಡು, ಮಧ್ಯೆ ಒಂದು ಸ್ಟೂಲ್ ಇಟ್ಟುಕೊಂಡು ಶುರು ಮಾಡಿದೆವು.

ಮೊದಲ ಪುಟದಲ್ಲೇ ತಾಲ್ಲೂಕು ಕೇಳಿತು. ಪಟ್ಟಿಯಲ್ಲಿ ಜಮಖಂಡಿ ಇದೆ, ಮುಧೋಳ ಇದೆ, ರಬಕವಿ-ಬನಹಟ್ಟಿ ಇಲ್ಲ. ನಾವು ಮುಂಚೆ ಜಮಖಂಡಿಗೇ ಸೇರಿದ್ದವರು, ತಾಲ್ಲೂಕು ಬೇರೆ ಆಗಿ ವರ್ಷಗಳಾಗಿದ್ದವು. ಸರಿ, ಜಮಖಂಡಿ ಅಂತ ಒತ್ತಿದೆವು. ನಮ್ಮ ಜಿಎಸ್‌ಟಿ ಕಾಗದದಲ್ಲಿ ಜಮಖಂಡಿ, ಬ್ಯಾಂಕಿನಲ್ಲಿ ಬನಹಟ್ಟಿ, ಆಧಾರ್‌ನಲ್ಲಿ ರಬಕವಿ-ಬನಹಟ್ಟಿ, ಅದೂ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೊಂದರಲ್ಲಿ ಒಂದೊಂದು. ಈ ವಿಳಾಸ ಹೊಂದಾಣಿಕೆಯಾಗುತ್ತಿಲ್ಲ ಅಂತ ಕೆಂಪು ಅಕ್ಷರ ಬಂತು. ಯಾವುದು, ಯಾವುದರ ಜೊತೆ ಅಂತ ಇಲ್ಲ. ಅಂದಾಜಿನ ಮೇಲೆ ಒಂದೊಂದೇ ಬದಲಿಸಿ ನೋಡಿದೆವು. ನಾಲ್ಕನೇ ಸಲಕ್ಕೆ ಹೋಯಿತು.

ಆಮೇಲೆ ಉದ್ಯಮ್ ನಂಬರ್, ಅಂದರೆ ಸಣ್ಣ ಉದ್ಯಮದ ನೋಂದಣಿ ಸಂಖ್ಯೆ. ನನ್ನ ಹತ್ತಿರ ಇದ್ದದ್ದು ಹಳೆಯ ಉದ್ಯೋಗ ಆಧಾರ್. 2020ರ ಜುಲೈ 1ರಿಂದ ಅದರ ಬದಲಿಗೆ ಉದ್ಯಮ್ ಬಂದಿತ್ತು, ನಾನು ಮಾಡಿಸಿಕೊಂಡಿರಲಿಲ್ಲ. ಅದು ನನ್ನ ತಪ್ಪೇ. ಅಲ್ಲೇ ಕೂತು ಮಾಡಿಸಿದೆ. ಬೇಗ ಆಯಿತು, ನಿಜ ಹೇಳಬೇಕಂದ್ರೆ ಅವತ್ತು ಸಲೀಸಾಗಿ ಆದ ಕೆಲಸ ಅದೊಂದೇ. ನಂತರ ಡಿಜಿಟಲ್ ಸಹಿ. ಅದು ಇರುವ, ಪೆನ್‌ಡ್ರೈವ್ ಥರದ ನನ್ನ ಡಾಂಗಲ್ ಕ್ಲಾಸ್ 2, ಇವರು ಕೇಳಿದ್ದು ಅದಕ್ಕಿಂತ ಮೇಲಿನ ಕ್ಲಾಸ್ 3. 2021ರ ಜನವರಿಯಿಂದ ಕ್ಲಾಸ್ 2 ಕೊಡುವುದನ್ನೇ ನಿಲ್ಲಿಸಿದ್ದಾರಂತೆ. ಹೊಸದು ಕೊರಿಯರ್‌ನಲ್ಲಿ ಬರಬೇಕು, ಕೊರಿಯರ್ ಬಂದ್. ಒಂಬತ್ತು ದಿನ ಹೋಯಿತು. 640 ಬೆಡ್‌ಶೀಟ್ ಪಡಸಾಲೆಯಲ್ಲಿ, ಅತ್ತ ಕಡೆ ಹಾಸ್ಟೆಲಿನಲ್ಲಿ ಮಂದಿ ಬರೀ ಗಾದಿ ಮೇಲೆ.

ಡಾಂಗಲ್ ಬಂದ ಮೇಲೆ ಮೂರು ವರ್ಷದ ಆಡಿಟ್ ಆದ ಬ್ಯಾಲೆನ್ಸ್ ಶೀಟ್ ಕೇಳಿತು. ಟರ್ನೋವರ್ ಎಷ್ಟು ಅಂತ ಕೇಳಿತು. ಈ ಮುಂಚೆ ಯಾವ ಸರ್ಕಾರಿ ಇಲಾಖೆಗೆ ಕೊಟ್ಟಿದ್ದೀರಿ, ಪ್ರಮಾಣಪತ್ರ ಲಗತ್ತಿಸಿ ಅಂತ ಕೇಳಿತು. ಒಂದೊಂದು ಪಿಡಿಎಫ್ 2 ಎಂಬಿ ದಾಟಬಾರದು. ಹುಡುಗ ಸ್ಕ್ಯಾನ್ ಮಾಡಿ, ಕುಗ್ಗಿಸಿ, ಹಾಕುವಷ್ಟರಲ್ಲಿ ಹದಿನೈದು ನಿಮಿಷ ಆಗಿ ತಾನೇ ಲಾಗೌಟ್ ಆಗುತ್ತಿತ್ತು. ಮತ್ತೆ ಮೊದಲಿಂದ. ಒಟಿಪಿ ನನ್ನ ಮೊಬೈಲಿಗೆ ಬರಬೇಕು, ಅಂಗಡಿಯ ಒಳಗೆ ನೆಟ್‌ವರ್ಕ್ ಇಲ್ಲ, ನಾನು ಅರ್ಧ ಶೆಟರ್ ಕೆಳಗಿಂದ ಕೈ ಹೊರಗೆ ಚಾಚಿ ಮೊಬೈಲ್ ಹಿಡಿದುಕೊಂಡು ಕೂತಿದ್ದೆ. ಪೊಲೀಸ್ ಜೀಪ್ ಬಂದಾಗ ಕೈ ಒಳಗೆ. ಈಗ ನಗು ಬರುತ್ತದೆ.

ಇಷ್ಟೆಲ್ಲಾ ಕೇಳಿದ ಪೋರ್ಟಲ್ ಏನನ್ನು ಕೇಳಲಿಲ್ಲ ಗೊತ್ತಾ? ಇವತ್ತು ನಿನ್ನ ಹತ್ತಿರ ಎಷ್ಟು ಮಾಲು ತಯಾರಿದೆ, ಎಲ್ಲಿದೆ, ಎಷ್ಟು ತಾಸಿನಲ್ಲಿ ಕಳಿಸುತ್ತೀ, ಗಾಡಿ ನಿನ್ನದೋ ನಮ್ಮದೋ. ಈ ನಾಲ್ಕು ಪ್ರಶ್ನೆ ಎಲ್ಲೂ ಇರಲಿಲ್ಲ. ಅಡತಿ ಅಂಗಡಿಯವನು ಫೋನಿನಲ್ಲಿ ಮೊದಲು ಕೇಳುವುದೇ ಇವು ನಾಲ್ಕು. ರಸ್ತೆ ಟೆಂಡರ್‌ಗೆ ಮಾಡಿದ ಫಾರ್ಮನ್ನೇ ತಂದು ಮೇಲೆ "ತುರ್ತು" ಅಂತ ಬರೆದಂತೆ ಇತ್ತು. ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಯಾಕೆ ಕೇಳುತ್ತಾರೆ ಅಂತ ನನಗೂ ಗೊತ್ತು. ಎರಡು ವರ್ಷ ನಡೆಯುವ ಕೆಲಸವನ್ನು ಮಧ್ಯೆ ಬಿಟ್ಟು ಓಡಿಹೋಗಬಾರದು ಅಂತ. ಬೆಡ್‌ಶೀಟ್‌ನಲ್ಲಿ ಓಡಿಹೋಗೋದು ಏನಿದೆ? ಮಾಲು ಇಳಿಸಿಕೊಂಡು, ಎಣಿಸಿ, ಒಂದು ಬಿಚ್ಚಿ ನೋಡಿ, ಬೇಡ ಅನಿಸಿದರೆ ವಾಪಸ್ ಕಳಿಸಿ.

ಇನ್ನು ಲಿನನ್ ಕಥೆ.

ವಸ್ತುಗಳ ಪಟ್ಟಿ ಬಂತು. ನೂರಾರು ಹೆಸರು, ಎಲ್ಲಾ ಇಂಗ್ಲಿಷಿನಲ್ಲಿ. ಹುಡುಗ ಹುಡುಕುವ ಜಾಗದಲ್ಲಿ ಬೆಡ್‌ಶೀಟ್ ಅಂತ ಹೊಡೆದ, ಏನೂ ಇಲ್ಲ ಅಂತ ಬಂತು. ಬೆಡ್ ಅಂತ ಹೊಡೆದರೆ ಐಸಿಯು ಮಂಚ ಬಂತು. ಕನ್ನಡದಲ್ಲಿ ಹೊಡೆದರೆ ಪುಟವೇ ನಿಂತುಹೋಯಿತು. ಒಂದೊಂದೇ ಕೆಳಗೆ ಓದುತ್ತಾ ಹೋದಾಗ ಒಂದು ಕಡೆ "ಲಿನನ್ ಪೂರೈಸುತ್ತೀರಾ? ಹೌದು, ಇಲ್ಲ" ಅಂತಿತ್ತು. ಹುಡುಗ ನನ್ನ ಮುಖ ನೋಡಿದ. ನಾನು "ಇಲ್ಲ ಒತ್ತಪಾ, ನಮ್ಮದು ಕಾಟನ್" ಅಂದೆ.

ನೇಕಾರರ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಲಿನನ್ ಅಂದರೆ ನಮಗೆ ಅಗಸೆ ನಾರಿನ ನೂಲು, ದುಬಾರಿ ಮಾಲು. ನಮ್ಮ ಮಗ್ಗಕ್ಕೂ ಅದಕ್ಕೂ ಸಂಬಂಧ ಇಲ್ಲ. ಆಸ್ಪತ್ರೆಯವರ ಬಾಯಲ್ಲಿ ಲಿನನ್ ಅಂದರೆ ಬೆಡ್‌ಶೀಟ್, ದಿಂಬಿನ ಕವರ್, ಟವೆಲ್, ಗೌನು ಎಲ್ಲಾ ಸೇರಿ ಅನ್ನುವುದು ನನಗೆ ಹೇಗೆ ಗೊತ್ತಾಗಬೇಕು? ಬಟ್ಟೆಯ ವಿಷಯ ಏನೂ ಗೊತ್ತಿಲ್ಲದವಳಾಗಿದ್ದರೆ ಬಹುಶಃ ಸುಮ್ನೆ "ಹೌದು" ಅಂತ ಒತ್ತಿಬಿಡುತ್ತಿದ್ದೆ. ಗೊತ್ತಿದ್ದದ್ದೇ ಮುಳುವಾಯಿತು.

ಹೀಗೆ ಬೆಡ್‌ಶೀಟ್ ಇಲ್ಲದ, ಲಿನನ್ ಇಲ್ಲದ, "ಇತರೆ ಜವಳಿ" ಅಂತ ನೋಂದಣಿಯಾದ ನಾನು ಮನೆಗೆ ಬಂದೆ. ಅರ್ಜಿ ಪರಿಶೀಲನೆಯಲ್ಲಿದೆ ಅಂತ ಮೆಸೇಜ್. ಆರು ದಿನ ಅದೇ. ಏಳನೇ ದಿನ ಸಹಾಯವಾಣಿಗೆ ಹಚ್ಚಿದೆ. ಹದಿನೇಳು ಸಲಕ್ಕೆ ಸಿಕ್ಕಿತು, ಎಣಿಸಿದ್ದೇನೆ. ಆ ಕಡೆ ಒಬ್ಬ ಹುಡುಗಿ. ನಾನು ಜೋರು ಮಾಡಬೇಕು ಅಂತಲೇ ಇದ್ದೆ. ಅವಳು, "ಅಕ್ಕಾರ, ಅರ್ಜಿ ನಂಬರ್ ಆಮ್ಯಾಲ ಹೇಳ್ರಿ. ನಿಮ್ಮ ಕಡೆ ಮಾಲ್ ಏನೈತಿ, ಅದನ್ನ ಮೊದಲ ಹೇಳ್ರಿ" ಅಂದಳು.

ಹೇಳಿದೆ. ಕೇಳಿ ನಕ್ಕಳು. "ಲಿನನ್ ಒಳಗ ಹೋಗ್ಬೇಕ್ರೀ ಅದು. ದವಾಖಾನಿ ಮಂದಿ ಹಾಸಿಗಿ ಬಟ್ಟಿಗೆಲ್ಲಾ ಲಿನನ್ ಅಂತಾರ. ಇವತ್ತ ಇದ ಮಾತು ನೀವು ಐದನೇದವರು ಕೇಳಾಕತ್ತಿದ್ದು." ಫೋನ್ ಇಡದೆ ಅವಳೇ ನನ್ನ ಅರ್ಜಿ ತೆಗೆದು ಸರಿ ಮಾಡಿಸಿದಳು. ಒಂದೇ ದಿನದಲ್ಲಿ ಐದು ಮಂದಿ ಅದೇ ತಪ್ಪು ಮಾಡಿದ್ದರು, ಅದು ಅವಳಿಗೆ ಗೊತ್ತಿತ್ತು. ಪೋರ್ಟಲ್ ಮಾಡಿದವರು ಒಂದು ದಿನ, ಒಂದೇ ಒಂದು ದಿನ ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಫೋನ್ ಕೇಳಿಸಿಕೊಂಡಿದ್ದರೆ ಸಾಕಿತ್ತು, ಸಂಜೆಯೊಳಗೆ ಆ ಪಟ್ಟಿಯಲ್ಲಿ ಬೆಡ್‌ಶೀಟ್ ಅನ್ನೋ ಪದ ಸೇರಿಸಬಹುದಿತ್ತು. ಅವಳು ಹೇಳಿದ್ದಳೋ ಇಲ್ಲವೋ, ಹೇಳೋಕೆ ಯಾರಾದರೂ ಇದ್ದರೋ ಇಲ್ಲವೋ. ಅವಳ ಹೆಸರೂ ಕೇಳಲಿಲ್ಲ ನಾನು. ಒಂದು ಸ್ಟಾರ್ ಅವಳದ್ದು.

ಸರಿಪಡಿಸಿದ ಮೇಲೂ ಅರ್ಜಿ ಪರಿಶೀಲನೆಯಲ್ಲೇ ಇತ್ತು. ಕೊನೆಗೆ ಆರ್ಡರ್ ಬಂತು. ಪೋರ್ಟಲ್‌ನಿಂದ ಬರಲಿಲ್ಲ. ನಮ್ಮ ಮಾವನ ಮಗಳ ಗೆಳತಿಯೊಬ್ಬಳು ಒಂದು ಹಾಸ್ಟೆಲ್ ವಾರ್ಡನ್. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, "ಅಕ್ಕಾ, ನಿಮ್ಮಲ್ಲಿ ಬೆಡ್‌ಶೀಟ್ ಅದಾವಂತ ಹೌದೇನು, ನಾಳಿ ಮುಂಜಾನೆ ಮುನ್ನೂರು ಬೇಕಾಗ್ಯಾವ" ಅಂದಳು. ಮನೆಯವರು ಪಾಸ್ ಇದ್ದ ಟಾಟಾ ಏಸ್ ಹಿಡಿದು, ಮಹಾಲಿಂಗಪುರ, ಮುಧೋಳ, ಲೋಕಾಪುರ ದಾಟಿ ಕೊಟ್ಟುಬಂದರು. ಒಂಬತ್ತರಿಂದ ಹನ್ನೊಂದರ ಒಳಗೆ ಮಾತು, ದರ, ಗಾಡಿ ಎಲ್ಲಾ ಮುಗಿದಿತ್ತು.

ಅವತ್ತು ಖುಷಿ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಎರಡು ದಿನ ಬಿಟ್ಟು ನಮ್ಮ ಓಣಿಯಲ್ಲೇ ಇನ್ನೊಬ್ಬರು, ವಯಸ್ಸಾದ ಕಾಕಾ, "ನಿನಗ ಹೆಂಗ ಸಿಕ್ತವಾ ಆರ್ಡರು? ನಂದೂ ಹೆಸರು ಹಚ್ಚೇನಲ್ಲ" ಅಂತ ಕೇಳಿದಾಗ ನನ್ನ ಬಾಯಿ ಕಟ್ಟಿತು. ಅವರ ಬಟ್ಟೆ ನಮ್ಮದಕ್ಕಿಂತ ಚೆನ್ನಾಗಿತ್ತು. ರೀಡು, ಪಿಕ್ಕು, ಅಂದರೆ ಇಂಚಿಗೆ ಉದ್ದದ ಎಳೆ, ಅಡ್ಡದ ಎಳೆ ಎರಡೂ ಜಾಸ್ತಿ, ದರ ಎರಡು ರೂಪಾಯಿ ಕಡಿಮೆ. ಅವರಿಗೆ ಮಾವನ ಮಗಳ ಗೆಳತಿ ಇರಲಿಲ್ಲ, ಅಷ್ಟೇ.

ಇದು ಬನಹಟ್ಟಿಯ ಕಥೆ ಮಾತ್ರ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 2020ರಲ್ಲಿ ಪಿಪಿಇ ಕೊಡುತ್ತೇವೆ ಅಂತ ಸಾವಿರಾರು ಮಂದಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರು. ಸಂಸದರು, ಮಂತ್ರಿಗಳು, ಅಧಿಕಾರಿಗಳು ಹೇಳಿ ಕಳಿಸಿದವರಿಗೆ ಮಾತ್ರ ಬೇರೆಯೇ ಸಾಲು. ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ 2020ರ ನವೆಂಬರ್‌ನಲ್ಲಿ ಲೆಕ್ಕ ಹಾಕಿ ಹೇಳಿತು: ಆ ವಿಶೇಷ ಸಾಲಿನಲ್ಲಿ ಹತ್ತರಲ್ಲಿ ಒಬ್ಬರಿಗೆ ಆರ್ಡರ್ ಸಿಕ್ಕಿದೆ, ಸಾಮಾನ್ಯ ಸಾಲಿನಲ್ಲಿ ಸಿಕ್ಕಿದ್ದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. 2022ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟ್ ಆ ಸಾಲೇ ಕಾನೂನುಬಾಹಿರ ಅಂದಿತು. ಇದನ್ನು ಓದಿದಾಗ ನನಗೆ ನಮ್ಮ ಕಾಕಾ ನೆನಪಾದರು. ಅವರೂ ಅಲ್ಲಿಯ ಸಾಮಾನ್ಯ ಸಾಲಿನವರೇ. ಫೋನ್ ಮಾಡುವವರನ್ನು ಬೈದು ಏನೂ ಆಗಲ್ಲ. ಬಾಗಿಲು ತಟ್ಟಿದವನಿಗೆ ಹೌದು ಅಂತಲೋ ಬೇಡ ಅಂತಲೋ ಒಂದು ಮಾತು ಬರದೇ ಇದ್ದರೆ ಅವನು ಹಿತ್ತಲ ಬಾಗಿಲಿಗೆ ಹೋಗೇ ಹೋಗುತ್ತಾನೆ. ನಾನೂ ಹೋದೆ. ನನಗೆ ಪೋರ್ಟಲ್ ಮೇಲೆ ಇರುವ ನಿಜವಾದ ಸಿಟ್ಟು ಇದು. ಲಾಗೌಟು, 2 ಎಂಬಿ ಎಲ್ಲಾ ಸಹಿಸಿಕೊಳ್ಳಬಹುದು.

ಕೆಲವರು, ಎಮರ್ಜೆನ್ಸಿಯಲ್ಲಿ ಇದೆಲ್ಲಾ ನೋಡ್ತಾ ಕೂರೋಕೆ ಆಗುತ್ತಾ ಅನ್ನುತ್ತಾರೆ. ಕಾನೂನಿಗೂ ಅದು ಗೊತ್ತು. ನಮ್ಮ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆ, ಟೆಂಡರ್ ಮಂದಿ ಕೆಟಿಪಿಪಿ ಅನ್ನುತ್ತಾರಲ್ಲ, ಅದರ 4ನೇ ಸೆಕ್ಷನ್ನಿನಲ್ಲಿ ಪ್ರಕೃತಿ ವಿಕೋಪ, ಸರ್ಕಾರ ಘೋಷಿಸಿದ ತುರ್ತು ಪರಿಸ್ಥಿತಿಯಲ್ಲಿ ಟೆಂಡರ್ ಇಲ್ಲದೆ ಕೊಳ್ಳಲು ವಿನಾಯಿತಿ ಇದೆ. ಇರಲೇಬೇಕು, ಮೂವತ್ತು ದಿನ ಟೆಂಡರ್ ಕರೆದು ಆಕ್ಸಿಜನ್ ತರೋಕೆ ಆಗಲ್ಲ. ಆದರೆ ಟೆಂಡರ್ ಬಿಟ್ಟರೂ ಲೆಕ್ಕ ಬಿಡಬೇಕಾಗಿಲ್ಲ. ಉಕ್ರೇನ್‌ನಲ್ಲಿ ಪ್ರೊಜೊರೊ ಅಂತ ಒಂದು ಸರ್ಕಾರಿ ಖರೀದಿ ವ್ಯವಸ್ಥೆ ಇದೆ. 2020ರಲ್ಲಿ ಅಲ್ಲೂ ಕೋವಿಡ್ ಸಾಮಾನನ್ನು ಟೆಂಡರ್ ಇಲ್ಲದೆ ನೇರ ಕೊಳ್ಳಲು ಬಿಟ್ಟರು, ಕೊಂಡ ಮೇಲೆ ಯಾರಿಂದ, ಎಷ್ಟಕ್ಕೆ ಅನ್ನುವುದನ್ನು ಎಲ್ಲರಿಗೂ ಕಾಣುವ ಹಾಗೆ ಅಲ್ಲೇ ಹಾಕಬೇಕು ಅಂದರು. ಅಷ್ಟು ಮಾಡಿದರೆ ಪಕ್ಕದ ಜಿಲ್ಲೆಯವರು ಅದೇ ಬೆಡ್‌ಶೀಟ್‌ಗೆ ಎಷ್ಟು ಕೊಟ್ಟರು ಅಂತ ನಮ್ಮವರಿಗೂ ಗೊತ್ತಾಗುತ್ತದೆ, ನನಗೂ, ಕಾಕಾಗೂ ಗೊತ್ತಾಗುತ್ತದೆ. ನಮ್ಮಲ್ಲಿ ಕೋವಿಡ್ ಖರೀದಿ ನೋಡೋಕೆ 2023ರಲ್ಲಿ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಅವರ ಆಯೋಗ ಮಾಡಬೇಕಾಯಿತು. ಆವತ್ತಿನ ದರವನ್ನು ಆವತ್ತೇ ಹಾಕಿದ್ದರೆ ಇಷ್ಟು ವರ್ಷ ಬಿಟ್ಟು ಕಡತ ಹುಡುಕುವ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು.

ರೊಕ್ಕದ ಮಾತು ಬೇಗ ಮುಗಿಸುತ್ತೇನೆ, ಜಾಸ್ತಿ ಹೇಳಿದರೆ ಬಿಪಿ ಏರುತ್ತದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದಲ್ಲಿ ಬಿಲ್ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನನಗೆ ಬಂದದ್ದು ಎಂಟನೇ ತಿಂಗಳಿಗೆ. ಬಡ್ಡಿ ಕೇಳಲಿಲ್ಲ. ಸಮಾಧಾನ್ ಅಂತ ದೂರು ಕೊಡುವ ಪೋರ್ಟಲ್ 2017ರಿಂದಲೇ ಇತ್ತು, ಹೋಗಲಿಲ್ಲ. ಯಾಕೆ ಅಂತ ಸಣ್ಣ ವ್ಯಾಪಾರ ಮಾಡುವ ಯಾರನ್ನಾದರೂ ಕೇಳಿ. ಆದರೆ ಇದೂ ಡಿಸೈನ್‌ನ ಮಾತೇ. ನನ್ನ ಅರ್ಜಿಗೆ ಹದಿನೈದು ನಿಮಿಷದ ಗಡಿಯಾರ ಇಟ್ಟವರು ತಮ್ಮ ಬಿಲ್ಲಿಗೆ ಒಂದು ಗಡಿಯಾರ ಇಟ್ಟಿರಲಿಲ್ಲ.

ಈಗ ಹೊಸ ಆವೃತ್ತಿ. ಒಳ್ಳೆಯದು ಮೊದಲು. ತಾಲ್ಲೂಕು ಪಟ್ಟಿಯಲ್ಲಿ ರಬಕವಿ-ಬನಹಟ್ಟಿ ಬಂದಿದೆ, ನೋಡಿ ನಿಜಕ್ಕೂ ಖುಷಿಯಾಯಿತು. ಪುಟಗಳು ಕನ್ನಡದಲ್ಲಿವೆ. ಕನ್ನಡ ಅಂದರೆ "ಸಮರ್ಪಿಸು", "ಊರ್ಜಿತಗೊಳಿಸು" ಅನ್ನೋ ಥರದ ಕನ್ನಡ. ಆನ್‌ಲೈನ್ ಸೆಂಟರಿನ ಹುಡುಗ ಊರ್ಜಿತ ಅಂದರೆ ಏನು ಅಂತ ನನ್ನನ್ನೇ ಕೇಳಿದ, ಇಬ್ಬರೂ ಸೇರಿ ಇಂಗ್ಲಿಷಿಗೆ ಬದಲಿಸಿ ಓದಿದೆವು. ಬೆಡ್‌ಶೀಟ್ ಅಂತ ಹುಡುಕಿದರೆ ಈಗ ಬರುತ್ತದೆ, ಲಿನನ್ ಅದರ ಕೆಳಗೆ ಸಣ್ಣಗೆ ಬರೆದಿದೆ. ಹಾಸಿಗೆ ಬಟ್ಟೆ ಅಂತ ಹೊಡೆದರೂ ಬರುತ್ತದೆ! ಯಾರೋ ಆ ಹುಡುಗಿಯ ಮಾತು ಕೇಳಿದ್ದಾರೆ ಅಂತ ನಾನು ಅಂದುಕೊಂಡಿದ್ದೇನೆ. ಅರ್ಧಕ್ಕೆ ಬಿಟ್ಟರೆ ತುಂಬಿದ್ದು ಉಳಿಯುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆದು ಹಾಕಬಹುದು, 2 ಎಂಬಿ ಕಾಟ ಇಲ್ಲ. ಎರಡನೇ ಸ್ಟಾರ್ ಇದಕ್ಕೆಲ್ಲಾ.

ಉಳಿದ ಮೂರು ಯಾಕಿಲ್ಲ ಅಂದರೆ, ಎಷ್ಟು ಮಾಲು ತಯಾರಿದೆ ಅಂತ ಈಗಲೂ ಕೇಳುವುದಿಲ್ಲ. "ತಿಂಗಳ ಉತ್ಪಾದನಾ ಸಾಮರ್ಥ್ಯ" ಅಂತ ಕೇಳುತ್ತದೆ. ನಾನು 4000 ಅಂತ ಬರೆದೆ, ಕರೆಂಟ್ ಇದ್ದರೆ, ನೂಲಿನ ದರ ಏರದಿದ್ದರೆ, ಹೆಣ್ಣುಮಕ್ಕಳು ಊರ ಜಾತ್ರೆಗೆ ಹೋಗದಿದ್ದರೆ. ಎಮರ್ಜೆನ್ಸಿಯಲ್ಲಿ ಆ ಸಂಖ್ಯೆ ಇಟ್ಟುಕೊಂಡು ಯಾರು ಏನು ಮಾಡುತ್ತಾರೋ. ಬೇಡ ಅನ್ನುವ ಉತ್ತರ ಈಗಲೂ ಬರುವುದಿಲ್ಲ. ಪರಿಶೀಲನೆಯಲ್ಲಿದೆ, ಅಥವಾ ಅನುಮೋದಿಸಲಾಗಿದೆ, ಎರಡೇ. ಯಾರಿಗೆ ಏನು ಬೇಕಾಗಿದೆ ಅನ್ನೋ ಪಟ್ಟಿ ನಮಗೆ ಕಾಣುವುದಿಲ್ಲ. ತೈವಾನ್‌ನಲ್ಲಿ 2020ರ ಫೆಬ್ರವರಿಯಲ್ಲೇ 6 ಸಾವಿರಕ್ಕೂ ಹೆಚ್ಚು ಔಷಧ ಅಂಗಡಿಗಳ ಮಾಸ್ಕ್ ಲೆಕ್ಕವನ್ನು ಸರ್ಕಾರ ಎಲ್ಲರಿಗೂ ತೆರೆದಿಟ್ಟಿತು, ಹೊರಗಿನ ಹುಡುಗರು ಅದರಿಂದ ಮ್ಯಾಪ್ ಮಾಡಿಕೊಟ್ಟರು, ಮಂದಿ ಯಾವ ಅಂಗಡಿಯಲ್ಲಿ ಎಷ್ಟು ಉಳಿದಿದೆ ನೋಡಿಕೊಂಡು ಹೋದರು. ಅದು ಕೊಳ್ಳುವವರಿಗೆ ಮಾಡಿದ್ದು. ಇಲ್ಲಿ ಕೊಡುವವರಿಗೆ ಅದನ್ನೇ ತಿರುಗಿಸಿ ಮಾಡಬಹುದಲ್ವಾ? "ಮುಧೋಳ, 300 ಬೆಡ್‌ಶೀಟ್, ನಾಳೆ ಬೆಳಿಗ್ಗೆ" ಅಂತ ಒಂದು ಸಾಲು ಕಂಡಿದ್ದರೆ ಕಾಕಾ ನನಗಿಂತ ಮೊದಲು ಗಾಡಿ ಹೊರಡಿಸುತ್ತಿದ್ದರು.

ಕೇಂದ್ರ ಸರ್ಕಾರದ ಆನ್‌ಲೈನ್ ಖರೀದಿ ಪೋರ್ಟಲ್ ಜೆಮ್ ಜೊತೆ ಹೋಲಿಸಿ ಅಂತ ಕೇಳುವವರಿಗೆ: ಅದು 2016ರ ಆಗಸ್ಟ್‌ನಲ್ಲಿ ಶುರುವಾದ, ದಿನಾ ನಡೆಯುವ ದೊಡ್ಡ ಸಂತೆ. ಕೋವಿಡ್ ಹೊತ್ತಿಗೆ ಅದರಲ್ಲಿ 25 ಸಾವಿರದ ತನಕ ಇಲಾಖೆಯವರು ಬೇಕಾದವರಿಂದ ನೇರ ಕೊಳ್ಳಬಹುದಿತ್ತು, 5 ಲಕ್ಷದ ತನಕ ಕನಿಷ್ಠ ಮೂರು ಮಾರಾಟಗಾರರನ್ನು ಹೋಲಿಸಿ ಕಡಿಮೆ ದರದವರಿಂದ ಕೊಳ್ಳಬೇಕಿತ್ತು. ಮಾಲಿನ ಫೋಟೋ, ಅಳತೆ, ದರ ಮೊದಲೇ ಅಲ್ಲಿ ಇರುತ್ತದೆ. ಅದೇ ಅದರ ಬಲ. ತುರ್ತು ಬಂದ ದಿನ ಅಂಗಡಿ ಹಾಕೋಕೆ ಹೋದರೆ ಎಲ್ಲಿ ಆಗುತ್ತೆ, ಅಂಗಡಿ ಮೊದಲೇ ಹಾಕಿರಬೇಕು. ಹಾಗಾಗಿ ಎರಡರಲ್ಲೂ ಹೆಸರು ಹಚ್ಚಿ ಅನ್ನುತ್ತೇನೆ ನಾನು, ಒಂದನ್ನೇ ನಂಬಿ ಕೂರಬೇಡಿ.

ಹಚ್ಚುವವರು ಶ್ರಾವಣಕ್ಕೆ ಮುಂಚೆ, ಕೆಲಸ ಕಡಿಮೆ ಇದ್ದಾಗ ಕೂತು ಮಾಡಿ. ಜಿಎಸ್‌ಟಿ, ಬ್ಯಾಂಕ್, ಆಧಾರ್, ಪಾನ್ ಎಲ್ಲದರಲ್ಲೂ ಊರಿನ ಹೆಸರು ಒಂದೇ ಸ್ಪೆಲ್ಲಿಂಗಿಗೆ ತನ್ನಿ. ಒಂದು ದಿನ ಹೋಗುತ್ತದೆ, ಹೋಗಲಿ. ಮಾಲಿನ ಫೋಟೋ ಹಗಲಿನ ಬೆಳಕಿನಲ್ಲಿ ತೆಗೆಯಿರಿ, ಪಕ್ಕದಲ್ಲಿ ಟೇಪ್ ಇಟ್ಟು ಅಳತೆ ಕಾಣುವ ಹಾಗೆ. ಡಾಂಗಲ್‌ನ ಅವಧಿ ಯಾವಾಗ ಮುಗಿಯುತ್ತದೆ ಅಂತ ಅದರ ಮೇಲೇ ಚೀಟಿ ಅಂಟಿಸಿ. ನನ್ನದು ನೋಡಿದೆ, ಡಿಸೆಂಬರಿಗೆ ಮುಗಿಯುತ್ತದೆ. ಕಾಕಾನದ್ದು ಆಗಲೇ ಮುಗಿದಿದೆ. ಈ ಸೋಮವಾರ ಇಬ್ಬರೂ ಕೂಡಿ ಹೋಗಿ ಮಾಡಿಸಿಕೊಂಡು ಬರುತ್ತೇವೆ, ಲಿನನ್ ಅಂದರೆ ಏನು ಅಂತ ಅವರಿಗೆ ಹೇಳಿದ್ದೇನೆ.